ಎಡಗೈ ಹೊಲಿಗೆಯ ಕುರ್ಚಿ

ಲೋಕವೆಲ್ಲ ಕುರ್ಚಿಯನ್ನು ಎದುರಿನಿಂದ ನೋಡಿದರೆ ಸೂಜಿಯಕ್ಕ ಬೋರಲು ಹಾಕಿ ನೋಡುತ್ತಾಳೆ. ಆಸ್ಪತ್ರೆಗೆ ಹೋದರೂ ಅಷ್ಟೇ, ಬ್ಯಾಂಕಿಗೆ ಹೋದರೂ ಅಷ್ಟೇ. ಅಡಿಯ ಬಟ್ಟೆಯನ್ನು ಹೇಗೆ ಹೊಲಿದಿದ್ದಾರೆಂದು ನೋಡದೆ ಅವಳಿಗೆ ಕೂತಂತೆಯೇ ಆಗುವುದಿಲ್ಲ. "ಮೇಲುಗಡೆ ಎಲ್ಲರೂ ಚೆನ್ನಾಗೇ ಹೊಲೀತಾರೆ. ಅಡಿ ನೋಡಿದ್ರೆ ಯಾರು ಎಂಥೋರು ಅಂತ ಗೊತ್ತಾಗತ್ತೆ" ಎನ್ನುತ್ತಾಳೆ. ಪೀಠೋಪಕರಣದ ಕಾರ್ಖಾನೆಯಲ್ಲಿ ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸಿ ಹೊಲಿಯುವುದು ಅವಳ ಕೆಲಸ. ಯಜಮಾನರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವಳು ಸೂಜಿಯಕ್ಕ. ಸೂಜಿಗಿಂತ ನಾಲಿಗೆ ಮೊನಚು ಎಂಬುದೂ ಆ ಹೆಸರಿಗೆ ಒಂದು ಕಾರಣ.

ಆ ನಾಲಿಗೆಯಿಂದಲೇ ಅವಳು ತಂಗಿಯನ್ನು ಕಳೆದುಕೊಂಡಳು. ಅಕ್ಕತಂಗಿಯರು ಒಂದೇ ಮೇಜಿನ ಆಚೀಚೆ ಕೂತು ಹೊಲಿಯುತ್ತಿದ್ದವರು. ತಂಗಿ ಎಡಚಿ. ಬಲಗೈಯವರ ಹೊಲಿಗೆ ಒಂದು ಕಡೆಗೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆಗೆ ವಾಲುತ್ತದೆ. ಒಮ್ಮೆ ಜೋಡಿ ಕುರ್ಚಿಗಳನ್ನು ಇಬ್ಬರೂ ಒಂದೊಂದು ಮುಗಿಸಿದರು. ಎರಡರ ಹೊಲಿಗೆ ಹೊಂದುವುದಿಲ್ಲವೆಂದು ಸೂಜಿಯಕ್ಕ ಎಲ್ಲರ ಕಣ್ಣೆದುರೇ ತಂಗಿಯ ಹೊಲಿಗೆಯನ್ನು ಕತ್ತರಿಸಿ ಬಿಚ್ಚಿದಳು. "ಇದು ಕೈಯಲ್ಲ ಕಣೇ, ಸೊಟ್ಟ ಸೌಟು" ಎಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಂಗಿ ಬೇರೊಂದು ದೇಶದ ಕಂಪನಿಗೆ ಸೇರಿ ಹೊರಟುಹೋದಳು. ಅಮ್ಮನಿಗೆ ಫೋನು ಮಾಡುತ್ತಾಳೆ. "ಅಕ್ಕ ಇಲ್ಲೇ ಇದ್ದಾಳೆ, ಒಂದು ಮಾತಾಡೇ" ಎಂದು ಅಮ್ಮ ಅಂದರೆ ಫೋನು ಇಟ್ಟುಬಿಡುತ್ತಾಳೆ. "ಇಬ್ಬರನ್ನೂ ಹೆತ್ತಿದ್ದು ನಾನೇ, ಹಟ ಮಾತ್ರ ನಿಮ್ಮಪ್ಪಂದು" ಎಂದು ಅಮ್ಮ ಸತ್ತ ಗಂಡನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾಳೆ.

ಈ ವರ್ಷ ರಾಜಧಾನಿಯಲ್ಲಿ ನಡೆದ ಅಂತರರಾಷ್ಟ್ರೀಯ ಪೀಠೋಪಕರಣ ಮೇಳಕ್ಕೆ ಸೂಜಿಯಕ್ಕನನ್ನೂ ಕರೆದುಕೊಂಡು ಹೋದರು. ಮೇಳದಲ್ಲಿ ಸಾವಿರಾರು ಜನ ಕೂರುತ್ತಾರೆ, ಎಳೆಯುತ್ತಾರೆ, ಒರಗುತ್ತಾರೆ. ಹೊಲಿಗೆ ಬಿಟ್ಟರೆ ಹಾಕಲು ಕೈಯೊಂದು ಬೇಕು. ಪ್ರಯಾಣವೆಂದರೆ ಆಗದ ಸೂಜಿಯಕ್ಕ ಈ ಸಲ ತುಟಿ ಎರಡು ಮಾಡದೆ ಒಪ್ಪಿದಳು. ತಂಗಿಯ ಕಂಪನಿಯ ಮಳಿಗೆಯೂ ಅಲ್ಲಿರುತ್ತದೆ. ಅವರಿಗೂ ಒಂದು ಕೈ ಬೇಕಲ್ಲ.

ಅವರ ಕಾರ್ಖಾನೆಯ ವಿನ್ಯಾಸಗಾರ ಈ ಸಲ ಮಾಡಿದ್ದು ಮೂರು ಕಾಲಿನ, ಅರ್ಧ ಬೆನ್ನಿನ ಸೋಫಾ. ಹೆತ್ತವರಿಗೆ ಹೆಗ್ಗಣ ಮುದ್ದು. ಆತ ಅದರ ಸುತ್ತಲೇ ಸುಳಿಯುತ್ತಿದ್ದ.

"ಸಾರ್, ಇದರಲ್ಲಿ ಯಾರು ಕೂರ್ತಾರೆ?"

"ಕೂರೋದು ಆಮೇಲೆ, ಸೂಜಿಯಕ್ಕ. ಇದು ಒಂದು ಕಲ್ಪನೆ."

"ಕಲ್ಪನೆಗೆ ಇಷ್ಟು ಚರ್ಮ ಯಾಕೆ ಬೇಕಿತ್ತು ಸಾರ್?"

ಬಾಗಿಲು ತೆರೆದ ದಿನವೇ ಅವಳು ಬಿಡುವು ಮಾಡಿಕೊಂಡು ತಂಗಿಯ ಕಂಪನಿಯ ಮಳಿಗೆ ಹುಡುಕಿದಳು. ಬಿಳಿಚು ಮರದ ಹಲಗೆಗಳ ನಡುವೆ, ಬೂದು ಉಣ್ಣೆಬಟ್ಟೆ ಹೊದಿಸಿದ ತಗ್ಗು ಕುರ್ಚಿಯೊಂದಿತ್ತು. ಅದನ್ನು ಎತ್ತಿ ಮಗುಚಿದಳು. ಅಡಿಯ ಹೊಲಿಗೆ ಇರುವೆಸಾಲಿನಂತೆ ಒಂದೇ ಅಳತೆಯಲ್ಲಿ ಹೋಗಿತ್ತು, ಎಡಗೈಯ ಓರೆಗೆ ವಾಲಿ. ಅದರ ಮೇಲೆ ಈ ತುದಿಯಿಂದ ಆ ತುದಿಯ ತನಕ ಬೆರಳಾಡಿಸಿದಳು.

ಮಳಿಗೆಯವನು ಓಡಿಬಂದ. ಅವನೂ ತಂಗಿಯಂತೆ ಇಲ್ಲಿಂದ ಹೋಗಿ ಆ ಕಂಪನಿ ಸೇರಿದ ಕನ್ನಡದವನೇ. "ಅಮ್ಮಾ, ಕೂರೋ ವಸ್ತು ಅದು. ಕವುಚಿ ಹಾಕೋದಲ್ಲ."

"ಗೊತ್ತಪ್ಪ. ಇದನ್ನ ಹೊಲಿದೋರು ಬಂದಿದ್ದಾರಾ?"

"ಬರಬೇಕಿತ್ತು. ಟಿಕೆಟ್ಟೂ ಆಗಿತ್ತು. ಕೊನೇ ಗಳಿಗೇಲಿ ನಾನು ಬರಲ್ಲ ಅಂದುಬಿಟ್ರು."

ಅಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಕ್ಕ ಬರುತ್ತಾಳೆಂದು ಫೋನಿನಲ್ಲಿ ಹೇಳಿರಬೇಕು. ಸೂಜಿಯಕ್ಕ ಕುರ್ಚಿಯನ್ನು ನೆಟ್ಟಗೆ ಇಟ್ಟು, "ನಾನೂ ಹೊಲಿಯೋಳೇ" ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಬಂದಳು.

ಮರುದಿನ ಆ ಮಳಿಗೆಯವನೇ ಅವಳನ್ನು ಹುಡುಕಿಕೊಂಡು ಬಂದ. ಯಾರೋ ಕುರ್ಚಿಯನ್ನು ದರದರ ಎಳೆದಿದ್ದರಿಂದ ಅಡಿಯ ಬಟ್ಟೆ ಒಂದು ಗೇಣು ಕಿತ್ತುಬಂದಿತ್ತು. "ನಮ್ಮ ಕಡೆ ಸೂಜಿ ಹಿಡಿಯೋರೇ ಇಲ್ಲ ಅಮ್ಮಾ, ಸ್ವಲ್ಪ ನೋಡಿ" ಎಂದ.

ಇನ್ನೊಬ್ಬರ ಕೆಲಸ ರಿಪೇರಿ ಮಾಡುವಾಗ ಅವರ ಓರೆಗೇ ಹೊಂದಿಸಿ ಹೊಲಿಯಬೇಕು. ಸೂಜಿಯಕ್ಕನೂ ಹಾಗೆಯೇ ಶುರು ಮಾಡಿದಳು. ಅರ್ಧಕ್ಕೆ ಬಂದಾಗ ಕೈ ನಿಂತಿತು. ದಾರ ಎಳೆದು ತೆಗೆದು ತನ್ನ ಓರೆಯಲ್ಲೇ, ತಂಗಿಯ ಕೊನೆಯ ಹೊಲಿಗೆಗೆ ತಾಗಿಸಿ ಹಾಕಿದಳು. ಕುರ್ಚಿ ತಂಗಿಯ ಕಾರ್ಖಾನೆಗೆ ಮರಳುತ್ತದೆ. ತಂಗಿ ಅದನ್ನು ಮಗುಚುತ್ತಾಳೆ. ಮಗುಚಿ ನೋಡುವುದನ್ನು ಕಲಿತದ್ದೇ ಅಕ್ಕನಿಂದ. ಬಾಯಿಮಾತು ಕಳಿಸಿದರೆ ಕಿವಿ ಮುಚ್ಚಿಕೊಂಡಾಳು, ಹೊಲಿಗೆಗೆ ಕಣ್ಣು ಮುಚ್ಚಲಾರಳು.

"ಇದು ನಿಮ್ಮೂರಿಗೆ ವಾಪಸ್ಸು ಹೋಗತ್ತಲ್ವಾ?"

"ಉಳಿದ್ರೆ ಹೋಗತ್ತೆ. ಕೊನೇ ದಿನ ನೋಡೋಕೆ ಅಂತ ಇಟ್ಟಿರೋದನ್ನೂ ಮಾರಿಬಿಡ್ತೀವಿ."

ಕೊನೆಯ ದಿನ ಸೂಜಿಯಕ್ಕ ಆ ಕುರ್ಚಿ ಬಿಟ್ಟು ಏಳಲಿಲ್ಲ. ಯಾರಾದರೂ ಹತ್ತಿರ ಬಂದರೆ ಸೊಂಟ ಹಿಡಿದುಕೊಂಡು ಮುಖ ಕಿವುಚುತ್ತಿದ್ದಳು. ಬಣ್ಣ ಕೇಳಿದವರಿಗೆ, "ಬೂದು ಬಣ್ಣ. ಧೂಳು ಹೊಡೆಯೋ ಕೆಲಸ ತಪ್ಪತ್ತೆ, ಕಾಣಿಸೋದೇ ಇಲ್ಲ" ಎಂದಳು. ಹೊಲಿಗೆಯನ್ನು ಮಾತ್ರ ಹಳಿಯಲಿಲ್ಲ.

ಮಳಿಗೆಯವನಿಗೆ ಎಬ್ಬಿಸಲು ದಾಕ್ಷಿಣ್ಯ. "ಅಮ್ಮಾ, ನೀವು ನಮ್ಮ ಕಡೆಯೋರಾ, ಎದುರು ಕಂಪನಿಯೋರಾ?"

"ಮೊನ್ನೆ ಹೊಲಿಸಿಕೊಳ್ಳುವಾಗ ಕೇಳಬೇಕಿತ್ತು."

ದೀಪಗಳನ್ನು ಆರಿಸುವ ಹೊತ್ತಿಗೆ ವಯಸ್ಸಾದ ದಂಪತಿ ಬಂದರು. ಹೆಂಡತಿಯ ಕೈಯಲ್ಲಿ ಊರುಗೋಲು. ಅವಳನ್ನು ಕಂಡು ಸೂಜಿಯಕ್ಕ ಏಳಲೇಬೇಕಾಯಿತು. ಆಕೆ ಕೂತು, ಕಾಲು ನೆಲಕ್ಕೆ ಊರಿ, "ಮಂಡಿಗೆ ಹಿತವಾಗಿದೆ ರೀ" ಎಂದಳು.

"ಕೈಹೊಲಿಗೆ ಅಂತ ಬರೆದಿದ್ದಾರೆ, ಎಲ್ಲ ಮೆಷೀನೇ" ಎಂದ ಗಂಡ. "ಒಂದು ವರ್ಷಕ್ಕೆ ಬಾಯಿ ಬಿಡತ್ತೆ ನೋಡು. ಬಾ, ಹೋಗೋಣ."

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಸುಮ್ಮನಿದ್ದಿದ್ದರೂ ಸಾಕಿತ್ತು.

"ಮೆಷೀನಾ?" ಎಂದಳು ಸೂಜಿಯಕ್ಕ. "ಸ್ವಲ್ಪ ಏಳಿ ತಾಯೀ." ಕುರ್ಚಿಯನ್ನು ಮಗುಚಿದಳು. "ಎಲ್ಲಿ, ಬೆರಳಿಟ್ಟು ನೋಡಿ. ಎಲ್ಲಾದ್ರೂ ಸಡಿಲ ಇದೆಯಾ? ನಿಮ್ಮ ಮೊಮ್ಮಕ್ಕಳು ಕುಣಿದ್ರೂ ಇದು ಬಿಡಲ್ಲ."

ಹೆಂಡತಿ ಬಗ್ಗಿ ನೋಡಿದಳು. "ಇಲ್ಲೊಂದಿಷ್ಟು ಬೇರೆ ಥರ ಇದೆಯಲ್ಲ?"

"ಅದು ರಿಪೇರಿ. ಅದನ್ನ ಬಿಡಿ, ಇದನ್ನ ನೋಡಿ."

"ಹೊಲಿದೋರು ನೀವೇನಾ?"

"ಅಲ್ಲ. ನನ್ನ ತಂಗಿ. ಎಡಗೈಯವಳು. ಇಷ್ಟು ಸಮ ನನ್ನ ಕೈಲೂ ಬರಲ್ಲ."

ಗಂಡ ಬೆರಳಿಟ್ಟು ನೋಡಿ, ಜೇಬಿನಿಂದ ದುಡ್ಡು ತೆಗೆದ. ಮಳಿಗೆಯವನು ಕುರ್ಚಿಯ ಕಾಲಿಗೆ ಮಾರಾಟವಾಯಿತೆಂಬ ಕೆಂಪು ಚೀಟಿ ಅಂಟಿಸಿ, ಅವರನ್ನು ಬಾಗಿಲ ತನಕ ಕಳಿಸಿ ಬಂದ. ಸೂಜಿಯಕ್ಕ ಅಲ್ಲೇ ನಿಂತು, ಆಳುಗಳು ಕುರ್ಚಿಗೆ ರಟ್ಟು ಸುತ್ತುವುದನ್ನು ನೋಡುತ್ತಿದ್ದಳು.

"ನಿಮ್ಮ ತಂಗಿ ಅಂತ ಮೊದಲೇ ಹೇಳಬಾರದಿತ್ತಾ ಅಮ್ಮಾ? ಅವರಿಗೆ ಏನಾದ್ರೂ ಹೇಳಲಾ?"

"ಕುರ್ಚಿ ಹೋಯ್ತು ಅಂತ ಹೇಳಿ."

"ಅಷ್ಟೇನಾ?"

"ಯಾರು ಮಾರಿದ್ದು ಅಂತ ಕೇಳಿದ್ರೆ, ಅಕ್ಕ ಅನ್ನಿ. ಕೇಳಿದ್ರೆ ಮಾತ್ರ."