ಎಡಗಿವಿಯ ಅಳತೆ

ಆಗ ಕಾಣಿಯೂರಿನಲ್ಲಿ ಜೀಪು ಹೊರಡುವುದಕ್ಕೆ ಗಂಟೆ ಎಂಬುದು ಇರಲಿಲ್ಲ. ಹದಿನಾರು ಜನ ತುಂಬಬೇಕು, ಅಷ್ಟೆ. ಒಳಗೆ ಹನ್ನೆರಡು, ಹಿಂದೆ ನೇತಾಡಿಕೊಂಡು ನಾಲ್ಕು. ನೇತಾಡುವವನು ತಗಡಿಗೆ ಒಮ್ಮೆ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು. ಬಡಿಯುವುದೇ ಆ ಕಾಲದ ಮುಖ್ಯ ಭಾಷೆ. ಮೇಷ್ಟ್ರು ನಮಗೆ ಬೆತ್ತದಲ್ಲಿ ಬಡಿಯುತ್ತಿದ್ದರು, ಅಮ್ಮ ಸೌಟಿನಲ್ಲಿ, ಅಪ್ಪ ಸ್ಟಾರ್ಟ್ ಆಗದ ಜೀಪಿನ ಬಾನೆಟ್ಟಿಗೆ ಸ್ಪಾನರಿನಲ್ಲಿ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಾಲ್ಕು ಬಿದ್ದ ಮೇಲೆ ಜೀಪು ಕೂಡ ಹೊರಡುತ್ತಿತ್ತು.

ಈಗ ಹಿಂದಿನ ಕಾರಿನವನು ಹಾರ್ನ್ ಹಾಕಿದರೆ ಸಾಕು, ನನಗೆ ಬಿ.ಪಿ. ಏರುತ್ತದೆ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಬಂದು ಮತ್ತೆ ಹಿಂದೆ ಹೋಗಿ ಜಗ್ಗಿ ನೋಡುವವಳು ನಾನು. ಇಂಥ ಪುಕ್ಕಲಿ ಏಳನೇ ತರಗತಿಯಲ್ಲಿರುವಾಗ ಒಬ್ಬ ಮನುಷ್ಯನ ಕೈ ಮುರಿಸಿದ್ದಳು ಎಂದರೆ ನನ್ನ ಗಂಡನೂ ನಂಬುವುದಿಲ್ಲ.

ಅಪ್ಪನದು ಕಾಣಿಯೂರಿನಿಂದ ಬೆಳ್ಳಾರೆಗೆ ಹೋಗುವ ಸರ್ವಿಸ್ ಜೀಪು. ಅದೇ ದಾರಿಯಲ್ಲಿ ಮೋನಪ್ಪ ಮಾವನದೂ ಒಂದು. ಮಾವ ಎಂದರೆ ಸಂಬಂಧಿಯಲ್ಲ, ನೆರೆಮನೆಯವರು. ಶರ್ಟಿನ ಕಿಸೆಯಲ್ಲಿ ನನಗಾಗಿ ಯಾವತ್ತೂ ಒಂದು ಪೆಪ್ಪರಮಿಂಟ್ ಇಟ್ಟುಕೊಂಡಿರುತ್ತಿದ್ದರು, ಅದಕ್ಕೆ ಬೀಡಿಯ ವಾಸನೆ ಇರುತ್ತಿತ್ತು. ಸ್ಟ್ಯಾಂಡಿನ ನಿಯಮ ಒಂದೇ: ಮೊದಲು ಬಂದ ಜೀಪು ಮೊದಲು ತುಂಬಬೇಕು. ಅದು ಹೊರಟ ಮೇಲೆಯೇ ಎರಡನೆಯದಕ್ಕೆ ಜನ ಹತ್ತಬೇಕು. ಇದಕ್ಕೆ ಟರ್ನ್ ಎನ್ನುತ್ತಿದ್ದರು. ದೇವರ ಮೇಲೆ ಸುಳ್ಳು ಆಣೆ ಹಾಕುವವರೂ ಟರ್ನ್ ತಪ್ಪಿಸುತ್ತಿರಲಿಲ್ಲ.

ಆ ವರ್ಷ ಅಪ್ಪ ಜೀಪಿಗೆ ಟೇಪಿನ ಸೆಟ್ ಹಾಕಿಸಿದರು. ಪುತ್ತೂರಿನಲ್ಲಿ ಅದ್ದು ಬ್ಯಾರಿಯವರ ಅಂಗಡಿ. ಕಾದ ಸೀಸದ ಹೊಗೆ, ಹೊಸ ರೆಕ್ಸಿನ್, ಪಕ್ಕದ ಹೋಟೆಲಿನ ಗೋಳಿಬಜೆ, ಈ ಮೂರೂ ಸೇರಿದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಉಂಟು. ಬ್ಯಾರಿಯವರು ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು.

"ಬೆನ್ನು ನೇರ ಮಾಡ್ಬೇಡಿ ಲಿಂಗಪ್ಪಣ್ಣ. ದಿನಾ ಹೇಗೆ ಕೂರುದು, ಹಾಗೇ ಕೂರಿ."

ಡ್ಯಾಶ್‌ಬೋರ್ಡಿನಿಂದ ಅಪ್ಪನ ಬಲಗಿವಿಗೆ ಒಂದು ನೂಲು ಹಿಡಿದರು, ಎಡಗಿವಿಗೆ ಒಂದು. ಬಾಗಿಲಿಲ್ಲದ ಜೀಪು, ಬಲಗಿವಿಯ ಪಕ್ಕ ಟರ್ಪಾಲು ಹೊತ್ತ ಕಬ್ಬಿಣದ ಪೈಪು. ಕಿವಿಯ ಎತ್ತರಕ್ಕೆ ಸರಿಯಾಗಿ ಆ ಪೈಪಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು.

"ಇದೆಂತ ಬ್ಯಾರಿಗಳೇ, ಕೋಟು ಹೊಲಿಯುದಾ?" ಅಪ್ಪ ಕೇಳಿದರು.

"ಪದ ಕಿವಿಗೆ ಬರ್ಬೇಕು ಮಾರಾಯ್ರೆ. ಬೇರೆಯವರ ಜೀಪಿನಲ್ಲಿ ಅದು ಮೊಣಕಾಲಿಗೆ ಬರ್ತದೆ."

ಎರಡು ದಿನದ ಕೆಲಸ. ಹಲಸಿನ ಹಲಗೆಯ ನಾಲ್ಕು ಪೆಟ್ಟಿಗೆ, ಒಳಗೆ ಬೂರುಗದ ಹತ್ತಿ, ಮೇಲೆ ಕಪ್ಪು ರೆಕ್ಸಿನ್. ಎರಡು ಸ್ಪೀಕರ್ ಮುಂದೆ, ಎರಡು ಹಿಂದೆ. ಆಂಪ್ಲಿಫೈಯರ್ ಸೀಟಿನಡಿಗೆ. ಮೊದಲು ಇಂಜಿನಿನ ಗೊರಗೊರ ಸ್ಪೀಕರಿನಲ್ಲೂ ಬರುತ್ತಿತ್ತು. ಗೇರುಬೀಜದಷ್ಟು ದೊಡ್ಡ ಏನನ್ನೋ ವಯರಿನ ನಡುವೆ ಕೂರಿಸಿದ ಮೇಲೆ ನಿಂತಿತು. ಕೊನೆಗೆ ಬ್ಯಾರಿಯವರು ನನ್ನ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಟೇಪು ಹಾಕಿದರು. ಚೆಂಡೆ ನನ್ನ ಮೊಣಕೈವರೆಗೆ ಏರಿತು.

ಅಪ್ಪ ತಂದದ್ದು ತಾಳಮದ್ದಳೆಯ ಕ್ಯಾಸೆಟ್ಟುಗಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ, ಮತ್ತೆ ಇಬ್ಬರು ಅರ್ಥಧಾರಿಗಳ ಮಾತಿನ ಜಗಳ. ಬೆಳ್ಳಾರೆಗೆ ಹೋಗುವಷ್ಟರಲ್ಲಿ ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತಿತ್ತು. ತೊಂದರೆ ಅಲ್ಲಿಯೇ. ಒಂದು ಟ್ರಿಪ್ಪಿನಲ್ಲಿ ವೀರ ಬಿಲ್ಲೆತ್ತಿದರೆ ಬಾಣ ಬೀಳುವುದು ಮರುದಿನ. ಜನ ಟರ್ನ್ ಮರೆತರು. ಮೋನಪ್ಪ ಮಾವನ ಜೀಪು ಮುಂದೆ ನಿಂತಿದ್ದರೂ ಹತ್ತದೆ, ಗೂಡಂಗಡಿಯ ನೆರಳಿನಲ್ಲಿ ಬೀಡಿ ಎಳೆಯುತ್ತ, "ನಮಗೆ ಅರ್ಜೆಂಟಿಲ್ಲ" ಎನ್ನತೊಡಗಿದರು.

ಒಂದು ವಾರ ಸಹಿಸಿಕೊಂಡ ಮಾವ ಮನೆಗೇ ಬಂದರು.

"ಲಿಂಗಪ್ಪಾ, ನಿನ್ನ ಯುದ್ಧ ನೀನು ದಾರಿಯಲ್ಲಿ ಮಾಡು. ಸ್ಟ್ಯಾಂಡಿನಲ್ಲಿ ಬೇಡ."

"ಆಯ್ತು ಮಾರಾಯ. ನಿನ್ನ ಜೀಪು ಹೊರಡುವವರೆಗೆ ಟೇಪು ಮುಟ್ಟುದಿಲ್ಲ. ಮಾತು."

ಅಪ್ಪ ಆ ಮಾತು ಉಳಿಸಿಕೊಂಡರು. ನಾನು ಉಳಿಸಿಕೊಳ್ಳಲಿಲ್ಲ.

ಮಾರ್ಚಿನ ಶನಿವಾರ, ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿತ್ತು. ಡಾಮರು ಚಪ್ಪಲಿಗೆ ಅಂಟುವ ಬಿಸಿಲು. ಮುಂದೆ ಮೋನಪ್ಪ ಮಾವನ ಜೀಪು, ಅದರಲ್ಲಿ ಹನ್ನೊಂದು ಜನ, ಒಂದು ಬುಟ್ಟಿ ಕೋಳಿ, ಒಂದು ಕಟ್ಟು ರಬ್ಬರ್ ಶೀಟು. ಮಾವ ಬೆಳಿಗ್ಗೆಯಿಂದ ಒಂದೇ ಟ್ರಿಪ್ ಮಾಡಿದ್ದರು. ಹಿಂದೆ ನಮ್ಮ ಜೀಪು. ಅಪ್ಪ ಚಾ ಕುಡಿಯಲು ಹೋಟೆಲಿಗೆ ಹೋಗಿದ್ದರು. ನಾನು ಎಂದಿನಂತೆ ಎಡಬದಿಯ ಸೀಟಿನಲ್ಲಿ, ಬೆವರಿದ ತೊಡೆ ರೆಕ್ಸಿನಿಗೆ ಅಂಟಿಸಿಕೊಂಡು ಕೂತಿದ್ದೆ.

ಹಿಂದಿನ ದಿನ ಅರ್ಥಧಾರಿಯೊಬ್ಬರು, "ಎಲವೋ, ಈಗ ನೋಡು" ಎಂದದ್ದೇ ಕ್ಯಾಸೆಟ್ಟಿನ ಬದಿ ಮುಗಿದಿತ್ತು. ಏನು ನೋಡುವುದು ಎಂದು ಇಡೀ ರಾತ್ರಿ ಯೋಚಿಸಿದ್ದೆ. ಚಿಂತೆಯ ರೋಗ ಆಗಲೇ ಹಿಡಿದಿತ್ತೆಂದು ಕಾಣುತ್ತದೆ. ಸಣ್ಣಕ್ಕೆ ಕೇಳಿ ಆಫ್ ಮಾಡಿದರಾಯಿತು ಎಂದು ಕ್ಯಾಸೆಟ್ ಮಗುಚಿ ಹಾಕಿದೆ. ಸಣ್ಣಕ್ಕೆಯೇ ಇಟ್ಟೆ. ಆದರೆ ಚೆಂಡೆ ಏರಿದಾಗ ನನ್ನ ಬೆರಳೂ ಏರಿತು. ಯಾರೂ ತಿರುಗಿಸಲು ಹೇಳಲಿಲ್ಲ, ಗುಂಡಿ ತಾನಾಗಿ ತಿರುಗಲೂ ಇಲ್ಲ.

ಮುಂದಿನ ಜೀಪಿನಿಂದ ಮೊದಲು ಇಳಿದದ್ದು ಕೋಳಿಯ ಅಜ್ಜಿ. ಆಮೇಲೆ ಶೀಟಿನವನು. ಆಮೇಲೆ ಇಬ್ಬರು, ನಾಲ್ವರು.

"ಇಳಿಯಬೇಡಿ, ಈಗ ಬಿಡ್ತೇನೆ, ಈಗ ಹೊರಟೆ," ಮಾವ ಒಬ್ಬೊಬ್ಬರನ್ನೇ ಬೇಡಿಕೊಂಡರು. ಅಜ್ಜಿಯ ಬುಟ್ಟಿಯನ್ನು ಹಿಡಿದು ಎಳೆದರು. ಬುಟ್ಟಿಯ ಹಗ್ಗ ಕಿತ್ತು ಕೋಳಿಗಳು ರಸ್ತೆಗೆ ಬಿದ್ದವು.

"ಬಿಡು ಮಗಾ, ನಿನ್ನ ಜೀಪಿನಲ್ಲಿ ಎಂತ ಉಂಟು?" ಎಂದಳು ಅಜ್ಜಿ. "ಬರೀ ಧೂಳು."

ಯಾರೋ ನಕ್ಕರು. ಆ ನಗು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಮಾವ ಸೀಟಿನಡಿಯಿಂದ ಜಾಕಿಯ ಲಿವರ್ ಎಳೆದುಕೊಂಡು ಬಂದರು. ನನ್ನ ಕಡೆ ನೋಡಲೇ ಇಲ್ಲ. ಮೊದಲು ಹಿಂದಿನ ಸ್ಪೀಕರ್. ಹಲಸಿನ ಹಲಗೆ ಎರಡೇ ಏಟಿಗೆ ಬಾಯಿಬಿಟ್ಟು, ಬೂರುಗದ ಹತ್ತಿ ಹೊರಗೆ ಹಾರಿತು. ಆಮೇಲೆ ಅದರ ಜೊತೆಯದು. ಹತ್ತಿ ಬಿಸಿಲಿನಲ್ಲಿ ಕೋಳಿಗಳ ಮೇಲೆ ಇಳಿಯುತ್ತಿತ್ತು, ಮುಂದಿನ ಎರಡು ಸ್ಪೀಕರಿನಲ್ಲಿ ಯುದ್ಧ ನಡೆಯುತ್ತಲೇ ಇತ್ತು.

ಅಪ್ಪ ಗೋಳಿಬಜೆ ಹಿಡಿದುಕೊಂಡೇ ಓಡಿ ಬಂದರು. "ಮೋನಪ್ಪಾ, ಬಿಡು. ನಾನು ಆಫ್ ಮಾಡ್ತೇನೆ, ಬಿಡು." ಡ್ರೈವರ್ ಸೀಟಿಗೆ ಹಾರಿ ಕೂತು ಟೇಪಿಗೆ ಕೈ ಚಾಚಿದರು. ಮಾವ ಬಲಬದಿಯಿಂದ ಬಂದು ಬೀಸಿದರು. ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಮಾಸಿರಲಿಲ್ಲ. ಲಿವರ್ ಅಲ್ಲಿಗೇ ಬಂತು, ಪೈಪಿಗೆ ಅರ್ಧ, ಅಪ್ಪನ ಕಿವಿಗೆ ಅರ್ಧ.

ರಕ್ತ ಕುತ್ತಿಗೆಯಿಂದ ಇಳಿದು ಬಿಳಿ ಬನಿಯನಿನಲ್ಲಿ ಹರಡಿದ್ದನ್ನು ನಾನು ನೋಡಿದೆ. ಅಪ್ಪ ಕಿವಿ ಮುಟ್ಟಿಕೊಂಡರು, ಬೆರಳು ನೋಡಿದರು. ಆಮೇಲೆ ಇಳಿದರು. ಇಳಿಯುವಾಗ ಇಂಜಿನ್ ತಿರುಗಿಸುವ ಹ್ಯಾಂಡ್ಲು ಅವರ ಕೈಯಲ್ಲಿತ್ತು.

ಅಲ್ಲಿ ಆದ ಮಾತೆಲ್ಲ ತುಳುವಿನದು. ಕನ್ನಡಕ್ಕೆ ತಂದರೆ ಬೈಗುಳಕ್ಕೆ ಸ್ನಾನ ಮಾಡಿಸಿ ಪೌಡರ್ ಹಚ್ಚಿದ ಹಾಗಾಗುತ್ತದೆ. ನಿಜಕ್ಕೂ ಹೆಚ್ಚು ಮಾತೇ ಆಗಲಿಲ್ಲ. ಅಪ್ಪ ಮಾವನ ಹೆಗಲಿಗೆ ಹೊಡೆದರು. ಮಾವ ಮೊಣಕಾಲೂರಿ ಬಿದ್ದರು. ಲಿವರ್ ಕೈಯಿಂದ ಜಾರಿತು. ಅಷ್ಟಕ್ಕೆ ಮುಗಿದಿತ್ತು, ಅಪ್ಪನ ಕೈ ಕೆಳಗಿಳಿಯುತ್ತಿತ್ತು. ಇಷ್ಟು ವರ್ಷ ಆ ಚಿತ್ರವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅಪ್ಪನ ಕೈ ಇಳಿಯುತ್ತಲೇ ಇದೆ.

"ಇನ್ನೊಂದು ಹೊಡಿ ಅಪ್ಪ!"

ಅದು ನನ್ನ ಸ್ವರ. ಸೀಟಿನ ಮೇಲೆ ಎದ್ದು ನಿಂತು ಕೂಗಿದ್ದೆ. ಹೆದರಿಕೆಯಿಂದಲ್ಲ, ಸುಳ್ಳು ಹೇಳಬಾರದು, ಖುಷಿಯಿಂದ. ಸ್ಪೀಕರಿನಲ್ಲಿ ಚೆಂಡೆ ಕುದಿಯುತ್ತಿತ್ತು, ನನ್ನ ಅಪ್ಪ ಗೆಲ್ಲುತ್ತಿದ್ದರು.

ಅಪ್ಪ ಇನ್ನೊಂದು ಹೊಡೆದರು. ಮಾವ ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೊಣಕೈಯ ಗಂಟಿನಲ್ಲಿ ಮುರಿಯಿತು. ತೆಂಗಿನ ಹಸಿ ಮಡಲನ್ನು ಮಂಡಿಗೆ ಕೊಟ್ಟು ಮುರಿದಂಥ ಸದ್ದು, ದೊಡ್ಡದೇನಲ್ಲ. ಆಮೇಲೆ ಮಾವ ಕೂಗಿದ ಸದ್ದು ಮಾತ್ರ ದೊಡ್ಡದು. ಅವರ ಕಿಸೆಯಿಂದ ಪೆಪ್ಪರಮಿಂಟ್ ಹೊರಬಿದ್ದು ಹತ್ತಿಯ ನಡುವೆ ಕೂತಿತ್ತು.

ಜನ ಇಬ್ಬರನ್ನೂ ಹಿಡಿದರು. ಮಾವನನ್ನು ನಮ್ಮ ಜೀಪಿನಲ್ಲೇ ಮಲಗಿಸಿ ಯಾರೋ ಪುತ್ತೂರಿಗೆ ಓಡಿಸಿದರು. ಕಿವಿಗೆ ಪಂಚೆಯ ತುಂಡು ಒತ್ತಿಕೊಂಡು ಅಪ್ಪ ಅದರಲ್ಲೇ ಕೂತರು. ನಾನು ರಸ್ತೆಯಲ್ಲಿ ಉಳಿದೆ. ಕೋಳಿ ಹಿಡಿದು ಮುಗಿಸಿದ ಅಜ್ಜಿ ನನ್ನ ಪಕ್ಕ ಕೂತು ಕೇಳಿದಳು: "ಅದರಲ್ಲಿ ಕೊನೆಗೆ ಯಾರು ಸತ್ತದ್ದು ಮಗಳೇ?"

ಪೊಲೀಸರವರೆಗೆ ಹೋಗಲಿಲ್ಲ. ಮುಂದಿನ ಭಾನುವಾರ ಅಡಿಕೆ ಮಂಡಿಯ ಶೆಟ್ರ ಜಗಲಿಯಲ್ಲಿ ಪಂಚಾಯಿತಿ. ಒಂದು ಬದಿ ಕೈಗೆ ಹಲಗೆ ಕಟ್ಟಿಕೊಂಡ ಮಾವ, ಇನ್ನೊಂದು ಬದಿ ತಲೆಗೆ ಬಟ್ಟೆ ಸುತ್ತಿಕೊಂಡ ಅಪ್ಪ. ನಾನು ಅಪ್ಪನ ಬೆನ್ನ ಹಿಂದೆ, ಅಂಗಿಯ ತುದಿ ಹಿಡಿದುಕೊಂಡು.

"ಮಾತು ಕೊಟ್ಟ ಮೇಲೆ ಟೇಪು ಹಾಕಿದ್ದು ಯಾರು?" ಶೆಟ್ರು ಕೇಳಿದರು.

"ನಾನೇ," ಅಪ್ಪ ಹೇಳಿದರು.

"ನೀನು ಹೋಟೆಲಿನಲ್ಲಿ ಇದ್ದಿ ಅಂತ ಎಲ್ಲರೂ ಹೇಳ್ತಾರಲ್ಲ?"

"ಹಾಕಿಟ್ಟು ಹೋದದ್ದು."

ನನ್ನ ಕೈಯಲ್ಲಿ ಅಂಗಿ ಒದ್ದೆಯಾಯಿತು. ನಾನು ಅಂತ ಒಂದು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ. ಹೊಡಿ ಎಂದು ಕೂಗಿದ ಅದೇ ನಾಲಿಗೆ.

ಮಾತಿಗೆ ತಪ್ಪಿದವನು ಎಂಬ ಹೆಸರು ಅಪ್ಪನಿಗೆ ಆವತ್ತು ಬಂತು. ಅವರ ಪಾಲಿಗೆ ಕಿವಿಗಿಂತ ದೊಡ್ಡ ನಷ್ಟ ಅದು. ಶೆಟ್ರ ತೀರ್ಮಾನ: ಸೆಟ್ ತೆಗೆಸಬೇಕು, ಮಾವನ ಕೈ ಸರಿಯಾಗುವವರೆಗೆ ದಿನ ಬಿಟ್ಟು ದಿನ ಅಪ್ಪ ಅವರ ಜೀಪು ಓಡಿಸಬೇಕು. ಕೈ ಪೂರ್ತಿ ಸರಿಯಾಗಲೇ ಇಲ್ಲ, ಸ್ಟೇರಿಂಗ್ ತಿರುಗಿಸುವಷ್ಟು ನೇರವಾಗಲಿಲ್ಲ. ಅಪ್ಪ ನಾಲ್ಕು ವರ್ಷ ಎರಡು ಜೀಪು ಓಡಿಸಿದರು. ಅಪ್ಪನ ಬಲಗಿವಿ ಮತ್ತೆ ಕೇಳಲಿಲ್ಲ. ಮಾವ ಎಡಬದಿಯ ಸೀಟಿನಲ್ಲಿ ಕೂರುತ್ತಿದ್ದರು, ಅಪ್ಪನ ಒಳ್ಳೆಯ ಕಿವಿಯ ಬದಿಗೆ. ಬೆಳ್ಳಾರೆಯವರೆಗೆ ಇಬ್ಬರೂ ಮಾತಾಡಿಕೊಂಡೇ ಹೋಗುತ್ತಿದ್ದರು. ಒಮ್ಮೆ ಮಾವ, "ಟೇಪು ಇದ್ದರೆ ಒಳ್ಳೆದಿತ್ತು ಮಾರಾಯ" ಎಂದರಂತೆ. ಹೊಡೆದಾಡಿದವರು ಸರಿಹೋದರು. ಹೊಡೆಸಿದವಳು ಪೆಪ್ಪರಮಿಂಟ್ ತೆಗೆದುಕೊಳ್ಳುವುದನ್ನು ಬಿಟ್ಟಳು.

ಅಪ್ಪನಿಗೆ ಎಲ್ಲ ಗೊತ್ತಿತ್ತು. ಜೀಪಿನಲ್ಲಿ ಇದ್ದವಳು ನಾನೊಬ್ಬಳೇ ಅಲ್ಲವೇ. ಆದರೂ ನನ್ನ ಬಾಯಿಂದ ಹೇಳಬೇಕಿತ್ತು. ಮೂವತ್ತು ಚಿಲ್ಲರೆ ವರ್ಷ ಸಂದರ್ಭ ಹುಡುಕಿದೆ. ಕಡೆಗೆ ಅವರನ್ನು ಸುಳ್ಯದ ಆಸ್ಪತ್ರೆಗೆ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುವಾಗ ಧೈರ್ಯ ಬಂತು. ಅದು ಬಂದದ್ದು ಯಾಕೆಂದು ಆಮೇಲೆ ಹೊಳೆಯಿತು: ಈಗ ಸ್ಟೇರಿಂಗ್ ನನ್ನ ಕೈಯಲ್ಲಿ, ಎಡಬದಿಯಲ್ಲಿ ಕೂತ ಅಪ್ಪನ ಕಿವುಡು ಕಿವಿ ನನ್ನ ಕಡೆಗೆ.

"ಅಪ್ಪ, ಅವತ್ತು ಟೇಪು ಹಾಕಿದ್ದು ನಾನು. ಹೊಡಿ ಅಂದದ್ದೂ ನಾನು."

ಅಪ್ಪ ರಸ್ತೆ ನೋಡುತ್ತಿದ್ದರು. ನನ್ನ ತುಟಿ ಅಲ್ಲಾಡಿದ್ದು ಓರೆಗಣ್ಣಿಗೆ ಕಾಣಿಸಿರಬೇಕು. ಕಷ್ಟಪಟ್ಟು ಇಡೀ ಮೈಯನ್ನೇ ತಿರುಗಿಸಿ, ಎಡಗಿವಿಯನ್ನು ನನ್ನ ಮುಖದ ಹತ್ತಿರ ತಂದು ಕೇಳಿದರು: "ಎಂತ ಹೇಳಿದ್ದು ಜಲಜಾ?"

ಆ ಕಿವಿ ಅಷ್ಟು ಹತ್ತಿರವಿತ್ತು.

"ಎಂತ ಇಲ್ಲ. ಬೆಲ್ಟ್ ಹಾಕು ಅಂದೆ."

"ಹಾಕಿದ್ದೇನಲ್ಲ," ಎಂದು ಬೆಲ್ಟ್ ಎಳೆದು ತೋರಿಸಿದರು.

ಕಳೆದ ತಿಂಗಳು ಪುತ್ತೂರಿನಲ್ಲಿ ಕಾರಿಗೆ ಹೊಸ ಸೆಟ್ ಹಾಕಿಸಿದೆ. ವಯರು ಸುಟ್ಟರೆ, ಬ್ಯಾಟರಿ ಇಳಿದರೆ, ವಾರಂಟಿ ಹೋದರೆ ಎಂದು ನಾನು ಕೇಳಿದ ಪ್ರಶ್ನೆಗಳಿಗೆ ಅಂಗಡಿಯಾತ ಎರಡು ಚಾ ತರಿಸಿದ. ಈಗ ನೂಲು, ಸೀಮೆಸುಣ್ಣ ಇಲ್ಲ. ಸೀಟಿನಲ್ಲಿ ಕಿವಿಯ ಎತ್ತರಕ್ಕೆ ಒಂದು ಸಣ್ಣ ಮೈಕು ಹಿಡಿಯುತ್ತಾನೆ, ಯಾವ ಸ್ಪೀಕರಿನ ಸದ್ದು ಎಷ್ಟು ಹೊತ್ತಿಗೆ ಹೊರಡಬೇಕೆಂದು ಯಂತ್ರವೇ ಲೆಕ್ಕ ಹಾಕುತ್ತದೆ.

"ಒಂದು ಸೀಟಿಗೆ ಸರಿ ಮಾಡ್ಲಿಕ್ಕೆ ಆಗುದು ಮೇಡಂ. ಡ್ರೈವರಿಗೆ ತಾನೇ?"

"ಪಕ್ಕದ ಸೀಟಿಗೆ," ಎಂದೆ.

"ಅಲ್ಲಿ ಯಾರು ಕೂರುದು?"

ನಾನು ಖಾಲಿ ಸೀಟಿನ ಪಕ್ಕ ಕೈ ಹಿಡಿದು ಎತ್ತರ ತೋರಿಸಿದೆ. ಅವನು ಮೈಕು ತಂದ. ಇನ್ನೂ ಎರಡು ಇಂಚು ಕೆಳಗೆ, ಎಂದೆ. ಕೊನೆಕೊನೆಗೆ ಅಪ್ಪ ಕುಗ್ಗಿದ್ದರು. ಸ್ವಲ್ಪ ಎಡಕ್ಕೆ. ಹಾಂ, ಅಲ್ಲಿ.

ಕಾಣಿಯೂರಿನಲ್ಲಿ ಈಗ ಟರ್ನ್ ಇಲ್ಲ, ತಗಡಿಗೆ ಬಡಿಯುವವರಿಲ್ಲ, ಮೋನಪ್ಪ ಮಾವನೂ ಇಲ್ಲ. ಆ ದಾರಿಯಲ್ಲಿ ಹೋಗುವಾಗ ತಾಳಮದ್ದಳೆ ಹಾಕುತ್ತೇನೆ. ಖಾಲಿ ಸೀಟಿನ ಎಡಗಿವಿಗೆ ಚೆಂಡೆ ಸರಿಯಾದ ಹೊತ್ತಿಗೆ ತಲಪುತ್ತದೆ. ನನಗೆ ಒಂದು ಕೂದಲೆಳೆಯಷ್ಟು ತಡವಾಗಿ ಕೇಳುತ್ತದೆ.