ರಾಹುಕಾಲ ಕಳೆಯುವ ತನಕ

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಆ ಕುಟುಂಬ ನಮ್ಮ ಬೀದಿಯಲ್ಲಿ ಆಟೊ ಇಳಿದಾಗ ಮಳೆ ಶುರುವಾಗಿತ್ತು. ಮಣಿಪುರದ ಗಲಭೆಯಲ್ಲಿ ಮನೆ ಕಳೆದುಕೊಂಡು ರಾಮನಗರಕ್ಕೆ ಬಂದು, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದ್ದ ಗಂಡ, ಹೆಂಡತಿ, ಪುಟ್ಟ ಮಗಳು. ನಮ್ಮ ಭಜನಾ ಮಂಡಳಿಯವರೇ ಅವರಿಗೆ ಬಾಡಿಗೆ ಮನೆ ಹುಡುಕಿ, ಪಾತ್ರೆ, ಚಾಪೆ, ಗ್ಯಾಸ್ ಒಲೆ ಎಲ್ಲ ಜೋಡಿಸಿದ್ದೆವು.

ಬಾಗಿಲು ಮಾತ್ರ ತೆಗೆಯಲಿಲ್ಲ.

"ಒಸಿ ತಡ್ಕಳವ್ವ, ರಾಹುಕಾಲ ಕಳೀಲಿ. ನಿಮ್ಗೇ ಒಳ್ಳೇದಾಗ್ಲಿ ಅಂತ ಯೋಳ್ತಿವ್ನಿ" ಎಂದರು ಮಂಡಳಿಯ ಹಿರಿಯರು.

ನಾವೆಲ್ಲ ಎದುರು ಮನೆಯ ಜಗುಲಿ ಹತ್ತಿ ಕುಳಿತೆವು. ಅವರು ಸೂರಿನ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತರು. ಹಾಸಿಗೆಯ ಗಂಟು ನೆನೆಯುತ್ತಿತ್ತು. ತಡೆಯಲಾರದೆ ಕೊಡೆ ಕೊಡಲು ಹೋದೆ. ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡದಲ್ಲಿ ಆ ಮಗುವಿನ ತಾಯಿ ಮೆಲ್ಲಗೆ ಹೇಳಿದಳು: "ನಮ್ಮ ಮನೆಗೆ ಬೆಂಕಿ ಹಾಕ್ದಾಗ ಟೈಮ್ ನೋಡ್ಲಿಲ್ಲ ಅಕ್ಕ, ಓಡ್ಬಿಟ್ವಿ."

ನಾನು ಗಡಿಯಾರ ನೋಡಿದೆ. ಇನ್ನೂ ಇಪ್ಪತ್ತು ನಿಮಿಷವಿತ್ತು. ಜಗುಲಿಗೆ ಮರಳಿ ಕಾದೆ.

ನಾಲ್ಕೂವರೆಗೆ ಹೊಸ ಮನೆಯಲ್ಲಿ ಹಾಲು ಚೆನ್ನಾಗಿಯೇ ಉಕ್ಕಿತು. ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಹಾಲು ಉಕ್ಕಿದ ಫೋಟೊಗೆ ಎಲ್ಲರೂ ಕೈ ಮುಗಿದಿದ್ದಾರೆ. ಅದರಲ್ಲಿ ನನ್ನ ಸೆರಗಿನ ಗಂಟು ಕಾಣುತ್ತದೆ. ಒಂದೂವರೆ ಗಂಟೆ ಕಾಲ ಬೀಗದ ಕೈ ಆ ಗಂಟಿನಲ್ಲೇ ಇತ್ತು.