ಗುಂಡುಕಲ್ಲು ಮತ್ತು ಎರಡು ಪುಡಿ ಡಬ್ಬಿ

ನನ್ನಪ್ಪ ಎಂದೂ ನನ್ನ ರಟ್ಟೆ ಮುಟ್ಟಿ ನೋಡಿದವರಲ್ಲ. ನನ್ನ ಗೆಳೆಯನದು ನೋಡಿದರು. ಆದೋನಿಯ ನಮ್ಮ ಹತ್ತಿ ಅಂಗಡಿಗೆ ಅವನು ಬಂದಾಗ, ಹತ್ತಿಯ ಎಳೆ ಪರೀಕ್ಷಿಸುವ ಅದೇ ಬೆರಳುಗಳಿಂದ ಒತ್ತಿ, "ಏನ್ ಗಟ್ಟಿ ಐತಪಾ! ಉಗಾದಿಗೆ ನಮ್ಮೂರಿಗೆ ಬಾ, ಗುಂಡು ಎತ್ತುವಂತಿ" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಮೈಯೆಲ್ಲ ಉರಿದುಹೋಯಿತು.

ಗುಂಡು ಅಂದರೆ ಕೌತಾಳಂ ಹತ್ತಿರದ ನಮ್ಮೂರಲ್ಲಿ ಹನುಮಪ್ಪನ ಗುಡಿ ಮುಂದಿರುವ ದುಂಡನೆಯ ಕಲ್ಲು. ಉಗಾದಿ ಮರುದಿನ ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಎಸೆಯಬೇಕು. ತಾತ ಎಸೆದಿದ್ದರು, ಅಪ್ಪನ ಕೈಲಾಗಲಿಲ್ಲ. ಈ ಸಲ ನಾನು ಎತ್ತಿ ಅಪ್ಪನ ಬಾಯಲ್ಲಿ ಒಂದು ಭೇಷ್ ಅನ್ನಿಸಿಕೊಳ್ಳಬೇಕು ಅಂತ ಎರಡು ವರ್ಷದಿಂದ ಜಿಮ್ಮಿನಲ್ಲಿ ಬೆವರು ಹರಿಸಿದ್ದೆ. ಅಷ್ಟರಲ್ಲಿ ಇವನು! ಕೋಸಗಿ ಕಡೆಯ ಕುರಿ ಸಾಕುವ ಮನೆಯವನು, ಶಾಲೆಯಿಂದಲೂ ಗೆಳೆಯ, ಈಗ ಹತ್ತಿ ಮಿಲ್ಲಿನಲ್ಲಿ ಕೆಲಸ. ಅವನನ್ನು ಜಿಮ್ಮಿಗೆ ಸೇರಿಸಿದ ಪುಣ್ಯಾತ್ಮ ನಾನೇ. ಆರೇ ತಿಂಗಳಲ್ಲಿ ನನ್ನನ್ನು ದಾಟಿಬಿಟ್ಟ.

ಅವನು ಕ್ರಿಯಾಟಿನ್ ಅನ್ನುವ ಬಿಳಿ ಪುಡಿಯನ್ನು ನೀರಿಗೆ ಕದಡಿ ಕುಡಿಯುತ್ತಿದ್ದ. ನನಗೂ ಒಂದು ಚಮಚ ಕೊಡಲು ಬಂದಿದ್ದ. ಅದು ಮಾಂಸದಲ್ಲಿ ಇರುವಂಥದ್ದು ಎಂದು ಜಿಮ್ಮಿನ ಮಾಸ್ತರರು ಹೇಳಿದ್ದು ಕಿವಿಗೆ ಬಿದ್ದಿತ್ತು. ಲಿಂಗ ಕಟ್ಟಿಕೊಂಡ ನಾನು ಅದನ್ನು ಮಾಂಸ ಒಣಗಿಸಿ ಅರೆದ ಪುಡಿ ಅಂತಲೇ ತಿಳಿದೆ. ಡಬ್ಬಿ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡೆ. ಬದಲಿಗೆ ಬಿಸಿಎಎ ಅನ್ನುವ ಕೆಂಪು ಪುಡಿ ತಂದೆ. ಕಲ್ಲಂಗಡಿ ರುಚಿ. ಮೈಕೈ ನೋವು ಬೇಗ ಇಳಿಯುತ್ತದೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ತಿಂಗಳುಗಟ್ಟಲೆ ಕುಡಿದೆ, ನಾಲಿಗೆ ಕೆಂಪಾಯಿತು ಅಷ್ಟೇ.

ಸಂಕ್ರಾಂತಿಗೆ ಅಕ್ಕ ಬಂದಳು. ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವಳು. ಎರಡರಲ್ಲಿ ಯಾವುದು ವಾಸಿ ಎಂದು ಕೇಳಿದ್ದಕ್ಕೆ ರೊಟ್ಟಿ ತಟ್ಟುತ್ತಲೇ ಶುರು ಮಾಡಿದಳು.

"ಬಿಸಿಎಎ ನೋವು ಒಂದೀಟು ಕಡಿಮಿ ಮಾಡ್ತೈತಿ ಅಂತ ಕೆಲವ್ರು ಪರೀಕ್ಷಾ ಮಾಡಿ ಹೇಳ್ಯಾರ. ಆದ್ರ ಅದು ಬ್ಯಾಳಿ, ಮೊಸರಿನಾಗೂ ಐತಿ. ಸರಿಯಾಗಿ ಉಂಡವಗ ಮತ್ಯಾಕ? ಕ್ರಿಯಾಟಿನ್ ಹಂಗಲ್ಲ. ಎಷ್ಟೋ ವರ್ಷದಿಂದ ಎಷ್ಟೋ ಮಂದಿ ಮ್ಯಾಲೆ ನೋಡ್ಯಾರ, ಮತ್ತ ಮತ್ತ ಅದೇ ಫಲಿತಾಂಶ ಬಂದೈತಿ. ಭಾರ ಎತ್ತೋ ಮುಂದ ಸ್ವಲ್ಪ ಕಸುವು ಕೂಡ್ತೈತಿ. ಸ್ವಲ್ಪನ ಮತ್ತ, ಮಂತ್ರ ಏನಲ್ಲ."

"ಮಾಂಸ ಅಲ್ಲೇನಕ್ಕ ಅದು?"

"ಅಯ್ಯ ನಿನ್ನ! ಕಾರ್ಖಾನ್ಯಾಗ ಮಾಡ್ತಾರೋ ಅದನ್ನ. ಡಬ್ಬಿ ಮ್ಯಾಲೆ ಹಸಿರು ಚುಕ್ಕಿ ನೋಡಿಲ್ಲೇನು? ಮಾಂಸ ತಿನ್ನದವ್ರ ಮೈಯಾಗ ಅದು ಕಮ್ಮಿ ಇರ್ತೈತಿ. ನಿನಗ ನಿನ್ನ ಗೆಳೆಯಗಿಂತ ಹೆಚ್ಚ ಗುಣ ಹಿಡೀಬಹುದು."

"ಕಿಡ್ನಿಗೆ?"

"ಮೊದಲೇ ಕಿಡ್ನಿ ರೋಗ ಇದ್ದವ್ರು ಡಾಕ್ಟರನ್ನ ಕೇಳಬೇಕು. ಗಟ್ಟಿ ಇದ್ದವಗ ಅಳತಿ ಪ್ರಕಾರ ತಗೊಂಡ್ರ ತೊಂದ್ರಿ ಕಂಡಿಲ್ಲ."

ಮರುದಿನವೇ ಡಬ್ಬಿ ತಂದು ಅಂಗಡಿಯಲ್ಲಿ ಹತ್ತಿ ಮಾದರಿ ಇಡುವ ಡ್ರಾದೊಳಗೆ ಬಚ್ಚಿಟ್ಟೆ. ಆಮೇಲೆ ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಅದೇ ಸಂಜೆ ಗೆಳೆಯನಿಗೆ, "ನಮ್ಮಕ್ಕ ಹೇಳ್ಯಾಳಲೇ, ಆ ಪುಡಿ ಕಿಡ್ನಿ ತಿಂದುಬಿಡ್ತೈತಂತ" ಅಂದುಬಿಟ್ಟೆ. ಅವನ ಮುಖ ಬಿಳಿಚಿತು. ಅವನ ಚಿಕ್ಕಪ್ಪ ಕಿಡ್ನಿ ಕೆಟ್ಟೇ ಸತ್ತಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

"ಸರಿಲೇ, ಅಕ್ಕಾರು ಹೇಳಿದ್ರಂದ್ರ ಮುಗೀತು" ಎಂದು ಅವನು ಅವತ್ತೇ ಬಿಟ್ಟ. ನಾನು ಎರಡು ತಿಂಗಳು ಕದ್ದು ಕುಡಿದೆ. ಕಸುವು ನಿಜಕ್ಕೂ ಒಂದಿಷ್ಟು ಏರಿತು. ಅವನು ಜಿಮ್ಮಿನಲ್ಲಿ ಸುಸ್ತಾಗಿ ಕೂತ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಉಗಾದಿ ಮರುದಿನ ಗುಡಿ ಮುಂದೆ ಊರೇ ಸೇರಿತ್ತು. ಕೈಗೆ ಮಣ್ಣು ಸವರಿಕೊಂಡು ಮೊದಲು ನಾನು ಇಳಿದೆ. ಕಲ್ಲು ಮೊಳಕಾಲಿಗೆ ಬಂತು, ತೊಡೆಗೆ ಬಂತು, ಎದೆಗೂ ಬಂತು. ಅಲ್ಲಿಂದ ಜಾರಿ ಧಡ್ ಅಂತ ಬಿತ್ತು. ಅಪ್ಪ ಬೇರೆ ಕಡೆ ನೋಡಿದರು.

ಆಮೇಲೆ ಅವನು ಬಂದ. ಚಿಕ್ಕಂದಿನಿಂದ ಕುರಿ ಹೊತ್ತ ಮೈ, ಮಿಲ್ಲಿನಲ್ಲಿ ಮೂಟೆ ಹೊತ್ತ ಮೈ. ಯಾವ ಪುಡಿಯೂ ಇಲ್ಲದೆ ಗುಂಡನ್ನು ಹೆಗಲಿಗೇರಿಸಿದ, ಹಿಂದಕ್ಕೆ ಎಸೆದ. ಅಪ್ಪ ಓಡಿಹೋಗಿ ಅವನನ್ನು ತಬ್ಬಿಕೊಂಡು "ಭೇಷ್ ಮಗನಾ!" ಎಂದರು. ಎರಡು ವರ್ಷ ನಾನು ಕಾದಿದ್ದ ಮಾತು.

ಅವನು ಬೆವರು ಒರೆಸಿಕೊಳ್ಳುತ್ತ ನೆಟ್ಟಗೆ ನನ್ನ ಬಳಿ ಬಂದು ಕಿವಿಯಲ್ಲಿ ಹೇಳಿದ: "ಬೈಬ್ಯಾಡಪ್ಪ. ನಿಮ್ಮ ಅಂಗಡಿ ಡ್ರಾದಾಗ ಆ ಡಬ್ಬಿ ಐತಿ, ನಾ ನೋಡೀನಿ. ನನ್ನ ಕಿಡ್ನಿ ಉಳಿಸ್ದಿ, ನಿಂದು ಕೆಡಿಸ್ಕೋತಿಯಲ್ಲೋ. ಕೇಳಿದ್ರ ನಿನಗ ನಾಚ್ಕಿ ಆಗ್ತೈತಿ ಅಂತ ಇಷ್ಟ್ ದಿನ ಸುಮ್ನಿದ್ದೆ. ಹನುಮಪ್ಪನ ಆಣಿ, ಬಿಟ್ಬಿಡು."

ನಿಜ ಹೇಳಲು ಬಾಯಿ ತೆರೆದೆ. "ಬಿಡ್ತೀನಿ" ಎಂಬುದೊಂದೇ ಹೊರಬಂತು. ಅಷ್ಟರಲ್ಲಿ ಅಪ್ಪ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು; ಆಗಲೂ ನನ್ನ ಕಣ್ಣು ಆ ಕೈಯನ್ನೇ ನೋಡುತ್ತಿತ್ತು.